ಪ್ರಿಂಟಿಗೆ ಐದು ಸ್ಟಾರ್, ರೆಡಿಮೇಡ್ ಒಕ್ಕಣೆಗೆ ಒಂದು

ಚಿಕ್ಕಮಗಳೂರಲ್ಲಿ ಸಂಜೆ ಮ್ಯಾಟರ್ ಕೊಟ್ಟು ಬೆಳಗ್ಗೆ ಬ್ಯಾನರ್ ಕೈಗೆ ಬೇಕು ಅನ್ನುವವರಿಗೆ ಐ.ಜಿ. (ಇಂದಿರಾ ಗಾಂಧಿ) ರಸ್ತೆ ಪಕ್ಕದ ಅಡ್ಡರಸ್ತೆಯಲ್ಲಿರುವ ಈ ಅಂಗಡಿ ಸಾಕು. ಹೆಸರು ಬರೆಯುವುದಿಲ್ಲ. ಹೊಗಳಿಕೆ ಜೊತೆ ದೂರೂ ಇದೆ, ಪಾಪ ಹುಡುಗರ ಹೊಟ್ಟೆ ಮೇಲೆ ಹೊಡೆಯುವುದು ಬೇಡ. ಒಂದು ದೊಡ್ಡ ಮೆಷಿನ್, ಎರಡು ಕಂಪ್ಯೂಟರ್, ಕಾಯುವವರಿಗೆ ಒಂದು ಬೆಂಚು. ಇಂಕಿನ ವಾಸನೆ ತಲೆಗೆ ಹತ್ತುತ್ತೆ, ಬಾಗಿಲ ಹತ್ತಿರವೇ ಕೂತ್ಕೊಳ್ಳಿ.

ನಾವು ಹೋಗಿದ್ದು ರಾಜ್ಯೋತ್ಸವದ ಪ್ರದರ್ಶನದ ಕೆಲಸಕ್ಕೆ. ನಮ್ಮ ಬಡಾವಣೆಯ ಸಂಘದವರು ಈ ಸಲ ಜಿಲ್ಲೆಯ ಜೊತೆ ನಂಟಿದ್ದ, ಈಗ ಬದುಕಿಲ್ಲದ ರಾಜಕಾರಣಿಗಳ ಬಗ್ಗೆ ಬ್ಯಾನರ್ ಮಾಡಿಸೋಣ ಅಂದರು. ಇಂದಿರಾ ಗಾಂಧಿ, ದೇವರಾಜ ಅರಸು, ಡಿ.ಬಿ. ಚಂದ್ರೇಗೌಡ, ವೀರೇಂದ್ರ ಪಾಟೀಲ. ನಮ್ಮೂರಿನ ಹಿರಿಯರಿಗೆ ಈ ನಾಲ್ಕು ಹೆಸರು ಯಾಕೆ ಒಟ್ಟಿಗೆ ಬಂದವು ಅಂತ ಹೇಳಬೇಕಿಲ್ಲ. ಹುಡುಗರಿಗೆ ಹೇಳಬೇಕು. ತುರ್ತು ಪರಿಸ್ಥಿತಿ ಮುಗಿಯುವ ಹೊತ್ತಿಗೆ 1977ರ ಚುನಾವಣೆಯಲ್ಲಿ ರಾಯ್ ಬರೇಲಿಯಲ್ಲಿ ಸೋತಿದ್ದ ಇಂದಿರಾ ಅವರಿಗೆ ಚಂದ್ರೇಗೌಡರು ತಮ್ಮ ಚಿಕ್ಕಮಗಳೂರು ಲೋಕಸಭಾ ಸೀಟು ಬಿಟ್ಟುಕೊಟ್ಟರು, ಅರಸು ಆಗ ಮುಖ್ಯಮಂತ್ರಿ, ಜನತಾ ಪಕ್ಷದಿಂದ ಎದುರು ನಿಂತ ವೀರೇಂದ್ರ ಪಾಟೀಲರು 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋತರು. ಅದು 1978ರ ನವೆಂಬರ್.

ಮರುವರ್ಷವೇ ಅರಸು ಮತ್ತು ಇಂದಿರಾ ಬೇರೆಯಾದರು. ಅಂದು ಇಂದಿರಾ ವಿರುದ್ಧ ನಿಂತಿದ್ದ ಪಾಟೀಲರು 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮುಖ್ಯಮಂತ್ರಿ ಆದರು. ಸೀಟು ಬಿಟ್ಟುಕೊಟ್ಟ ಚಂದ್ರೇಗೌಡರು 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರು. ಇದನ್ನೆಲ್ಲ ಓದಿ ಡಿಸೈನ್ ಮಾಡುವ ಹುಡುಗ ತಲೆ ಕೆರೆದುಕೊಂಡ. "ಸಾರ್, ಇವರಿಗೆ ಬ್ಯಾಕ್‌ಗ್ರೌಂಡ್ ಯಾವ ಬಣ್ಣ ಹಾಕಲಿ?" ಒಳ್ಳೆ ಪ್ರಶ್ನೆ ಅಲ್ವಾ. ಎಲ್ಲರಿಗೂ ಬಿಳಿ ಹಾಕು ಅಂದೆವು.

ಮೊದಲು ಕೆಲಸದ ಗುಣ. ಪ್ರಿಂಟ್ ನಿಜಕ್ಕೂ ಚೆನ್ನಾಗಿದೆ. ಹಳೆಯ ಕಪ್ಪು-ಬಿಳುಪು ಫೋಟೋ ವಾಟ್ಸಾಪಲ್ಲಿ ಕಳಿಸಿದರೆ, ದೊಡ್ಡದು ಮಾಡಿದರೆ ಮುಖ ಒಡೆಯುತ್ತೆ ಅಂತ ಮೊದಲೇ ಹೇಳಿಬಿಡುತ್ತಾರೆ, ಸುಮ್ನೆ ದುಡ್ಡು ತಗೊಂಡು ಕಳಿಸುವುದಿಲ್ಲ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ, ಹಾಗಾಗಿ ನಾವು ಬಟ್ಟೆಯಲ್ಲೇ ಮಾಡಿಸಿದೆವು. ಬಣ್ಣ ಸ್ವಲ್ಪ ಮಂಕು. ಆದರೆ ಒಳಾಂಗಣದಲ್ಲಿ ಬೆಳಕು ಹೊಳೆಯುವುದಿಲ್ಲ, ಓದಲು ಹಿತ. ಅಂಚು ಮಡಿಚಿ ಹೊಲಿದು, ಕಟ್ಟಲು ತೂತಿಗೆ ರಿಂಗ್ ಹಾಕಿ ಕೊಟ್ಟರು. ಅದಕ್ಕೆ ಬೇರೆ ಚಾರ್ಜ್ ಇಲ್ಲ.

ಇನ್ನು ಒಕ್ಕಣೆ. ಇಲ್ಲೇ ನನ್ನ ತಕರಾರು.

ಈ ಅಂಗಡಿಯ ದೊಡ್ಡ ವ್ಯಾಪಾರ ಶ್ರದ್ಧಾಂಜಲಿ ಬ್ಯಾನರ್. ಕಂಪ್ಯೂಟರಲ್ಲಿ ಅದಕ್ಕೇ ಒಂದು ಫೋಲ್ಡರ್ ಇಟ್ಟಿದ್ದಾರೆ. ಬಡವರ ಬಂಧು, ಕೊಡುಗೈ ದಾನಿ, ಅಜಾತಶತ್ರು, ಮತ್ತೆ ಹುಟ್ಟಿ ಬನ್ನಿ. ಸತ್ತವರ ಫೋಟೋ ಹೆಸರು ಬದಲಾಯಿಸಿದರೆ ಆಯ್ತು. ಗ್ರಾಮ ಪಂಚಾಯಿತಿ ಸದಸ್ಯನಿಗೂ ಅದೇ, ಮಾಜಿ ಮಂತ್ರಿಗೂ ಅದೇ. ಕೆಳಗೆ ಶೋಕ ಸಲ್ಲಿಸುವವರ ಫೋಟೋಗಳ ಸಾಲು, ಒಂದೆರಡರಲ್ಲಂತೂ ಸತ್ತವರಿಗಿಂತ ಬದುಕಿರುವವರ ಮುಖವೇ ದೊಡ್ಡದಿತ್ತು. ಮುಂದಿನ ಚುನಾವಣೆಗೆ ನಿಲ್ಲುವವರು ಯಾರು ಅಂತ ಆ ಬ್ಯಾನರ್ ನೋಡಿದರೆ ಗೊತ್ತಾಗುತ್ತೆ.

ನಾವು ಆ ಫೋಲ್ಡರ್ ಬೇಡ ಅಂತ ನಮ್ಮದೇ ಮ್ಯಾಟರ್ ಕೊಟ್ಟಿದ್ದೆವು. ಇಂದಿರಾ ಬ್ಯಾನರಿನಲ್ಲಿ 1969ರ 14 ಬ್ಯಾಂಕುಗಳ ರಾಷ್ಟ್ರೀಕರಣ ಇತ್ತು, 1971ರ ಯುದ್ಧ ಇತ್ತು, 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ 21 ತಿಂಗಳ ತುರ್ತು ಪರಿಸ್ಥಿತಿ, ವಿಚಾರಣೆ ಇಲ್ಲದ ಜೈಲು, ಪತ್ರಿಕೆಗಳ ಸೆನ್ಸಾರ್, ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲ ಇತ್ತು. ಅರಸು ಬ್ಯಾನರಿನಲ್ಲಿ ಉಳುವವನಿಗೆ ಭೂಮಿ ಕೊಡಿಸಿದ ಭೂ ಸುಧಾರಣೆ ಕಾಯ್ದೆ, ಹಿಂದುಳಿದ ವರ್ಗಗಳ ಹಾವನೂರ್ ಆಯೋಗ, ಜೊತೆಗೆ ಅವರ ಸರ್ಕಾರದ ಮೇಲಿನ ಆರೋಪಗಳ ವಿಚಾರಣೆಗೆ 1977ರಲ್ಲಿ ಕೇಂದ್ರ ನೇಮಿಸಿದ ಗ್ರೋವರ್ ಆಯೋಗ. ಪ್ರೂಫ್ ಬಂತು ನೋಡಿ. ಬ್ಯಾಂಕು, ಯುದ್ಧ, ಭೂಮಿ ದಪ್ಪ ಅಕ್ಷರದಲ್ಲಿ. ತುರ್ತು ಪರಿಸ್ಥಿತಿ ಕೆಳಗೆ ಇರುವೆ ಸಾಲಿನ ಹಾಗೆ. ಗ್ರೋವರ್ ಆಯೋಗ ಇಲ್ಲವೇ ಇಲ್ಲ. ಕೇಳಿದರೆ, "ಜಾಗ ಸಾಲಲಿಲ್ಲ ಸಾರ್. ಅಲ್ದೆ, ಸತ್ತವರ ಬಗ್ಗೆ ಇದನ್ನೆಲ್ಲ ಯಾಕೆ?"

ಬೆಂಚಿನ ಮೇಲೆ ಕಾಯುತ್ತಿದ್ದವರಿಗೆ ಇಷ್ಟು ಸಾಕಾಯಿತು. ಕೊಪ್ಪದ ಕಡೆಯ ಒಬ್ಬರು, ಅವರಪ್ಪ ಗೇಣಿದಾರರಂತೆ, ಗೇಣಿ ಜಮೀನು ಕೇಳುವ ಫಾರಂ 7 ತುಂಬಿ ಡಿಕ್ಲರೇಷನ್ ಹಾಕಿ ಭೂ ನ್ಯಾಯಮಂಡಳಿಯಲ್ಲಿ ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಕೊಂಡವರು, "ಅರಸು ಬಗ್ಗೆ ಯಾವ ಆಯೋಗದ ಮಾತೂ ನಮ್ಮನೇಲಿ ನಡೆಯಲ್ಲ ಮಾರಾಯ್ರೆ" ಅಂದರು. ಪಕ್ಕದವರ ಮನೆಯಲ್ಲಿ ಅದೇ ಕಾಯ್ದೆಗೆ ಗದ್ದೆ ಹೋಗಿತ್ತು. ದೊಡ್ಡ ಜಮೀನ್ದಾರರೇನಲ್ಲ, ಗಂಡ ತೀರಿಕೊಂಡ ಅಜ್ಜಿ ಉಳುವವರಿಲ್ಲದೆ ಗೇಣಿಗೆ ಕೊಟ್ಟಿದ್ದ ಗದ್ದೆ. ತೋಟದವರೊಬ್ಬರು ನಕ್ಕರು. ಕಾಫಿ, ಏಲಕ್ಕಿ ತೋಟಗಳನ್ನು ಆ ಕಾಯ್ದೆಯಿಂದ ಹೊರಗೆ ಇಟ್ಟಿದ್ದರಲ್ಲ, ಅವರಿಗೆ ಅರಸು ಒಳ್ಳೆಯವರೂ ಅಲ್ಲ ಕೆಟ್ಟವರೂ ಅಲ್ಲ. ಇಂದಿರಾ ವಿಷಯಕ್ಕೆ ಒಬ್ಬ ಹಿರಿಯರು ಹೇಳಿದ್ದು ತುರ್ತು ಪರಿಸ್ಥಿತಿ ಅಲ್ಲವೇ ಅಲ್ಲ. "ಗೆಲ್ಲಿಸಿದ್ದು ನಾವು. 1980ರ ಚುನಾವಣೆಗೆ ಮೇದಕ್‌ಗೆ ಹೋದ್ರು, ರಾಯ್ ಬರೇಲಿಗೆ ಹೋದ್ರು, ಇಲ್ಲಿಗೆ ಬರಲಿಲ್ಲ. ರಸ್ತೆಗೆ ಹೆಸರು ಮಾತ್ರ ನಾವು ಇಟ್ಕೊಂಡ್ವಿ."

ಈ ಬೆಂಚಿನ ಮಾತಿಗೆ ನನ್ನ ಕಡೆಯಿಂದ ಇನ್ನೊಂದು ಸ್ಟಾರ್. ಜನ ಹೀಗೇ ತೂಗುತ್ತಾರೆ. ತಮ್ಮ ಮನೆಗೆ ಏನು ಬಂತು, ಏನು ಹೋಯಿತು. ಅದು ತಪ್ಪೂ ಅಲ್ಲ. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿದಾಗ ಕರ್ನಾಟಕ 28ರಲ್ಲಿ 26 ಸೀಟು ಅದಕ್ಕೇ ಕೊಟ್ಟಿತ್ತು. ಹಾಗಂತ ಇಲ್ಲಿ ಏನೂ ನಡೆದಿರಲಿಲ್ಲ ಅಂತಲ್ಲ. ತುರ್ತು ಪರಿಸ್ಥಿತಿ ಶುರುವಾದಾಗ ವಾಜಪೇಯಿ, ಆಡ್ವಾಣಿ ಬಂಧನವಾದದ್ದು ಬೆಂಗಳೂರಲ್ಲೇ.

ನನಗೆ ಒಪ್ಪಿಗೆಯಾಗದ್ದು ಆಮೇಲೆ ಬರುವ ಮಾತು. "ಒಳ್ಳೇದೂ ಮಾಡಿದ್ರು, ಕೆಟ್ಟದ್ದೂ ಮಾಡಿದ್ರು, ಒಟ್ಟಾರೆ ಒಳ್ಳೇವ್ರು ಬಿಡಿ." ಯಾರ ಒಟ್ಟಾರೆ? ಗದ್ದೆ ಸಿಕ್ಕಿದ್ದು ಒಬ್ಬನಿಗೆ, ಜೈಲು ಸಿಕ್ಕಿದ್ದು ಇನ್ನೊಬ್ಬನಿಗೆ. ಒಬ್ಬನ ಲಾಭದಲ್ಲಿ ಇನ್ನೊಬ್ಬನ ನಷ್ಟ ಕಳೆಯಲು ನಾವು ಯಾರು? ಎರಡನ್ನೂ ಪಕ್ಕಪಕ್ಕ ಬರೆದು ಬಿಟ್ಟುಬಿಡಬೇಕು, ಕೂಡಿಸಿ ಒಂದು ಅಂಕೆ ಮಾಡಬಾರದು. ಬೈಯುವವರೂ ಇದೇ ಕೆಲಸ ತಲೆಕೆಳಗಾಗಿ ಮಾಡುತ್ತಾರೆ. ತುರ್ತು ಪರಿಸ್ಥಿತಿ ತಂದವರು ಅಂದ ಮೇಲೆ ಬೇರೆ ಏನೂ ಮಾಡಲೇ ಇಲ್ಲ ಅನ್ನುವ ಹಾಗೆ.

ಸಾವಿನ ಮನೆಯಲ್ಲಿ ಕೆಟ್ಟ ಮಾತು ಬೇಡ ಅನ್ನುವುದು ನನಗೂ ಸರಿ. ಹೆಂಡತಿ ಮಕ್ಕಳು ಅಳುತ್ತಿರುವಾಗ ಆಯೋಗದ ವರದಿ ಓದುವವನು ಮನುಷ್ಯನಲ್ಲ. ಆದರೆ ಅದು ಮನೆಯವರ ದುಃಖಕ್ಕೆ ಕೊಡುವ ಮರ್ಯಾದೆ. ಇಂದಿರಾ ತೀರಿಕೊಂಡದ್ದು 1984ರಲ್ಲಿ, ಅರಸು 1982ರಲ್ಲಿ. ಇಷ್ಟು ವರ್ಷ ಆದಮೇಲೂ ಸೂತಕ ಕಳೆದಿಲ್ಲವೇ? ಚಂದ್ರೇಗೌಡರು ಹೋಗಿದ್ದು 2023ರಲ್ಲಿ, ಇನ್ನೂ ಹಸಿ. ಅವರ ಬ್ಯಾನರಿನಲ್ಲೂ ಪಕ್ಷಗಳನ್ನು ಇಸವಿ ಸಮೇತ ಬರೆದೆವು, ವಿಶೇಷಣ ಒಂದೂ ಹಾಕಲಿಲ್ಲ. ನೋಡುವವರು ನಿಷ್ಠೆ ಅಂತಲೋ ಪಕ್ಷಾಂತರ ಅಂತಲೋ ತಾವೇ ಅಂದುಕೊಳ್ಳಲಿ.

ಅಂಗಡಿಯ ಯಜಮಾನರ ಹತ್ತಿರ ಕೊನೆಗೆ ಒಂದೇ ಮಾತು ಹೇಳಿದೆ. ಎಲ್ಲ ಸಾಲಿಗೂ ಒಂದೇ ಅಕ್ಷರದ ಗಾತ್ರ. ಜಾಗ ಸಾಲದಿದ್ದರೆ ಫೋಟೋ ಚಿಕ್ಕದು ಮಾಡಿ, ಕೆಳಗಿನ ನಮ್ಮ ಸಂಘದ ಹೆಸರು ತೆಗೆಯಿರಿ. ಅವರು ವಾದ ಮಾಡಲಿಲ್ಲ, ಗೊಣಗಿಕೊಂಡೇ ಮಾಡಿಸಿದರು, ಪ್ರೂಫ್ ಬದಲಿಸಿದ್ದಕ್ಕೆ ಜಾಸ್ತಿ ದುಡ್ಡೂ ಕೇಳಲಿಲ್ಲ. ಸಂಘದ ಹೆಸರು ಹೋಗಿದ್ದಕ್ಕೆ ನಮ್ಮ ಕಾರ್ಯದರ್ಶಿಗಳು ಮಾತ್ರ ಇನ್ನೂ ಮುಖ ಗಂಟು ಹಾಕಿಕೊಂಡಿದ್ದಾರೆ.

ಹೋಗುವವರಿಗೆ: ಮ್ಯಾಟರ್ ಯೂನಿಕೋಡಲ್ಲಿ ಕಳಿಸಿದರೆ ಅಂಗಡಿಯವರ ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸುವಾಗ ಒತ್ತಕ್ಷರ ಒಡೆಯುತ್ತೆ, ನಮ್ಮದರಲ್ಲಿ "ರಾಷ್ಟ್ರೀಕರಣ" ಗುರುತೇ ಸಿಗದ ಹಾಗೆ ಬಂದಿತ್ತು. ಪ್ರೂಫನ್ನು ಮೊಬೈಲಲ್ಲಿ ನೋಡಿ ಓಕೆ ಅನ್ನಬೇಡಿ, ಅಂಗಡಿಗೇ ಹೋಗಿ ದೊಡ್ಡ ಸ್ಕ್ರೀನಲ್ಲಿ ಓದಿ, ಯಾವ ಸಾಲು ಕಾಣೆಯಾಗಿದೆ ಅಂತ ನಿಮ್ಮ ಕಾಪಿ ಜೊತೆ ಇಟ್ಟು ನೋಡಿ. ಅರ್ಧ ದುಡ್ಡು ಮುಂಗಡ ಕೊಡಬೇಕು. ಯಾರಾದರೂ ದೊಡ್ಡವರು ತೀರಿಕೊಂಡ ದಿನ ಮಾತ್ರ ಹೋಗಬೇಡಿ, ಮದುವೆ ಬ್ಯಾನರ್ ಕೊಟ್ಟವರೂ ಅವತ್ತು ಕಾಯಲೇಬೇಕು.