ಹಬ್ ಡೈನಮೋ: ಮೂರು ವರ್ಷ, 21,000 ಕಿ.ಮೀ ಆದ್ಮೇಲೆ

ಸೈಕಲ್ಲಿನ ಮುಂದಿನ ವೀಲಿಗೆ ಹಬ್ ಡೈನಮೋ (ವೀಲಿನ ನಡುವಿನ ಹಬ್ ಒಳಗೇ ಕೂತು, ತಿರುಗಿದಾಗ ಲೈಟಿಗೆ ಕರೆಂಟ್ ಕೊಡೋದು) ಹಾಕಿಸಿ ಮೂರು ವರ್ಷ ಆಯ್ತು, ಮೊನ್ನೆ ಮೀಟರ್ 21,000 ದಾಟ್ತು, ಅದಕ್ಕೇ ಈಗ ಬರೀತಿದೀನಿ. ಡಬ್ಬ ಒಡೆದ ದಿನಾನೇ ಐದು ಸ್ಟಾರ್ ಕೊಡೋರ ಮೇಲೆ ನಂಗೆ ನಂಬಿಕೆ ಇಲ್ಲ, ಒಂದೆರಡು ಮಳೆಗಾಲ ಆದ್ರೂ ಕಳೀಬೇಕು. ಕಂಪನಿ ಹೆಸರು ಹಾಕಲ್ಲ, ಕೆಳಗೆ ಸ್ವಲ್ಪ ಬೈಗುಳ ಇದೆ.

ಡೈನಮೋ ಅಂದಾಗ ಮನೇಲಿ ಎಲ್ರೂ ನಕ್ಕಿದ್ರು. ಅಪ್ಪನ ಹಳೇ ಸೈಕಲ್ಲಲ್ಲಿ ಇದ್ದದ್ದು ಬಾಟ್ಲಿ ಥರದ್ದು, ಟೈರಿಗೆ ಒರಗಿಸಿದ್ರೆ ಕರ್ರ್ ಅಂತ ಊರಿಗೆಲ್ಲ ಕೇಳಿಸೋದು, ಟೈರ್ ತಿಂದು ಹಾಕೋದು, ಮಳೇಲಿ ಜಾರೋದು, ತುಳಿಯೋದು ನಿಲ್ಸಿದ್ರೆ ಕತ್ತಲೆ. ಇದ್ರಲ್ಲಿ ಅಯಸ್ಕಾಂತ, ಕಾಯಿಲ್ ಎಲ್ಲಾ ಹಬ್ ಒಳಗೇ ಇರುತ್ತೆ, ಟೈರಿಗೂ ಇದಕ್ಕೂ ಸಂಬಂಧ ಇಲ್ಲ, ಸದ್ದೂ ಇಲ್ಲ. ಕೊಡೋದು 6 ವೋಲ್ಟ್, 3 ವ್ಯಾಟ್ ಅಷ್ಟೇ, ದೇವ್ರ ಕೋಣೆ ಜೀರೋ ಬಲ್ಬಿಗೂ ಸಾಲಲ್ಲ, ಆದ್ರೆ ಎಲ್‌ಇಡಿ ಆಗಿರೋದ್ರಿಂದ ರೋಡ್ ಮೇಲಿನ ಗುಂಡಿ ಗುಂಡಿ ಕಾಣುತ್ತೆ. ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ವೀಲನ್ನ ಕೈಯಲ್ಲಿ ತಿರುಗ್ಸಿದ್ರೆ ಗಟ ಗಟ ಅಂತ ಹಿಡ್ಕೊಳ್ಳುತ್ತೆ. ನಾನು ಬೇರಿಂಗ್ ಹೋಗಿರೋ ಮಾಲು ಕೊಟ್ಟಿದಾರೆ ಅಂತ ಅಂಗಡೀಗೆ ಜಗಳಕ್ಕೇ ಹೋಗಿದ್ದೆ, ಅದು ಅಯಸ್ಕಾಂತದ ಎಳೆತ ಅಂತೆ. ತುಳಿಯೋವಾಗ ಗೊತ್ತೇ ಆಗಲ್ಲ.

ತಗೊಂಡಿದ್ದಕ್ಕೆ ಕಾರಣ ಒಂದು 400 ಬ್ರೆವೆ, ಅಂದ್ರೆ 400 ಕಿ.ಮೀನ ಕೊಟ್ಟ ಟೈಮೊಳಗೆ ಮುಗಿಸೋ ಸೈಕಲ್ ರೈಡು. ಬೆಂಗಳೂರಿಂದ ಚಿತ್ರದುರ್ಗ ಹೋಗಿ ವಾಪಸ್, 27 ಗಂಟೆ ಟೈಮ್. ಬರ್ತಾ ಶಿರಾ ಹತ್ರ ರಾತ್ರಿ ಹನ್ನೆರಡೂವರೆಗೆ ಬ್ಯಾಟರಿ ಲೈಟು ಸತ್ತೋಯ್ತು, ಸ್ಪೇರ್ ಲೈಟು ಅಂತ ಇಟ್ಕೊಂಡಿದ್ದು ಬ್ಯಾಗಲ್ಲೇ ಸ್ವಿಚ್ ಒತ್ತಿ ಖಾಲಿಯಾಗಿತ್ತು. ಬ್ರೆವೆ ರೂಲ್ ಪ್ರಕಾರ ಕತ್ತಲಲ್ಲಿ ಲೈಟಿಲ್ದೆ ಓಡಿಸೋ ಹಾಗಿಲ್ಲ, ರೂಲ್ ಇಲ್ದಿದ್ರೂ ಆ ಹೈವೇಲಿ ಲಾರಿಗಳ ಮಧ್ಯೆ ಯಾರು ಹೋಗ್ತಾರೆ. ಡಾಬಾದ ಟ್ಯೂಬ್‌ಲೈಟ್ ಕೆಳಗೆ ಬೆಳಗಾಗೋವರೆಗೂ ಟೀ ಕುಡೀತಾ ಕೂತೆ, ಕಾಲಲ್ಲಿ ಶಕ್ತಿ ಇತ್ತು, ಹೊಟ್ಟೆ ತುಂಬಿತ್ತು, ಬರೀ ಬೆಳಕಿಲ್ದೆ ರೈಡ್ ಹೋಯ್ತು. ಮುಂದಿನ ತಿಂಗಳೇ ಆರ್ಡರ್ ಹಾಕ್ದೆ. ಹಬ್ಬು, ಹೆಡ್‌ಲೈಟು, ಯುಎಸ್‌ಬಿ ಚಾರ್ಜರ್ರು, ಹೊಸ ಕಡ್ಡಿ ಹಾಕಿ ವೀಲ್ ಕಟ್ಟಿಸಿದ್ದು ಎಲ್ಲಾ ಸೇರಿ 24,000 ಚಿಲ್ಲರೆ. ಮನೇಲಿ ಇವತ್ತಿಗೂ ಹನ್ನೆರಡು ಅಂತಾನೇ ಗೊತ್ತಿರೋದು.

ಒಬ್ಬರೇ ಪ್ರಪಂಚ ಸುತ್ತೋರಿಗೆ ಇದು ಯಾಕೆ ಅಷ್ಟು ಮುಖ್ಯ ಅಂತ ಆಮೇಲೆ ಅರ್ಥ ಆಯ್ತು. ಗಿನ್ನೆಸ್ ಲೆಕ್ಕದಲ್ಲಿ ಭೂಮಿ ಸುತ್ತಿದ್ದು ಅಂತ ಆಗಕ್ಕೆ ಕಮ್ಮಿ ಅಂದ್ರೂ 28,970 ಕಿ.ಮೀ ತುಳೀಬೇಕು. 2017ರಲ್ಲಿ ಮಾರ್ಕ್ ಬ್ಯೂಮಾಂಟ್ ಅದನ್ನ 78 ದಿನ 14 ಗಂಟೆ 40 ನಿಮಿಷಕ್ಕೆ ಮುಗಿಸಿದ್ರು, ಆದ್ರೆ ಹಿಂದೆ ಗಾಡಿ, ಅಡುಗೆ, ಮೆಕ್ಯಾನಿಕ್ ಎಲ್ಲಾ ಇದ್ದ ಟೀಮ್ ಇತ್ತು, ಲೈಟ್ ಚಾರ್ಜ್ ಆಗಿದ್ಯಾ ಅನ್ನೋ ತಲೆನೋವು ಅವ್ರದ್ದಲ್ಲ. ಮರುವರ್ಷ ಜೆನ್ನಿ ಗ್ರಹಾಂ ಬರ್ಲಿನ್‌ನಿಂದ ಹೊರಟು ಬರ್ಲಿನ್‌ಗೇ 124 ದಿನಕ್ಕೆ ವಾಪಸ್ ಬಂದ್ರು, ಯಾರ ಸಹಾಯವೂ ಇಲ್ದೆ, ಸಾಮಾನೆಲ್ಲ ಸೈಕಲ್ ಮೇಲೇ. ಅದೇ ವರ್ಷ ನಮ್ ಪಕ್ಕದ ಪುಣೆ ಹುಡುಗಿ ವೇದಾಂಗಿ ಕುಲಕರ್ಣಿ 159 ದಿನದಲ್ಲಿ ಸುಮಾರು 29,000 ಕಿ.ಮೀ ಮುಗಿಸಿದ್ರು, ಇಪ್ಪತ್ತರ ವಯಸ್ಸಲ್ಲಿ. ಹಾಗೆ ಹೋಗೋರು ಪ್ಲಗ್ ಪಾಯಿಂಟ್ ಹುಡುಕ್ಕೊಂಡು ಎರಡು ಗಂಟೆ ಕೂತ್ರೆ ಅದು ನಿದ್ದೆಯಿಂದ ಕಳೆದ ಎರಡು ಗಂಟೆ.

ನನ್ನದು ಅಷ್ಟು ದೊಡ್ಡ ಸವಾರಿ ಏನಲ್ಲ, ಹೋದ ವರ್ಷ ನವೆಂಬರಲ್ಲಿ ಶ್ರೀನಗರದಿಂದ ಕನ್ಯಾಕುಮಾರಿಗೆ ಒಬ್ಬನೇ ಹೋದೆ, ಹೆಚ್ಚುಕಮ್ಮಿ ಪೂರ್ತಿ ಹೈವೇ 44. ನಿಜವಾದ ಪರೀಕ್ಷೆ ಆಗಿದ್ದು ಅಲ್ಲೇ. ಸಿವನಿ ದಾಟಿ ನಾಗಪುರದ ಕಡೆ ಪೆಂಚ್ ಕಾಡು ಬರುತ್ತಲ್ಲ, ಪ್ರಾಣಿಗಳು ಕೆಳಗೆ ಓಡಾಡ್ಲಿ ಅಂತ ರೋಡನ್ನೇ ಎತ್ತಿ ಕಟ್ಟಿದಾರೆ, ಎರಡೂ ಕಡೆ ಗೋಡೆ, ಬೆಳಗಿನ ಜಾವ ಐದು ಗಂಟೆ, ಚಳಿಗೆ ಬೆರಳು ಸೆಟೆದಿತ್ತು. ಲೈಟಿನ ಬೆಳಕು ಮೇಲೆ ಚಾಕುವಲ್ಲಿ ಕೊಯ್ದ ಹಾಗೆ ನಿಲ್ಲುತ್ತೆ, ಎದುರಿಗೆ ಬರೋರ ಕಣ್ಣಿಗೆ ಹೊಡಿಯಲ್ಲ, ರಾಂಗ್ ಸೈಡಲ್ಲಿ ಬಂದ ಒಂದು ಟ್ರ್ಯಾಕ್ಟರ್‌ನವನು ಡಿಪ್ಪರ್ ಕೂಡ ಹೊಡೀಲಿಲ್ಲ. ಮೂತ್ರಕ್ಕೆ ನಿಂತ್ರೂ ಲೈಟು ಮೂರ್ನಾಲ್ಕು ನಿಮಿಷ ಉರೀತಾನೇ ಇರುತ್ತೆ, ಒಳಗೆ ಸ್ವಲ್ಪ ಕರೆಂಟ್ ಹಿಡಿದಿಟ್ಕೊಳ್ಳೋ ಕೆಪಾಸಿಟರ್ ಇದೆ. ಆ 22 ದಿನದಲ್ಲಿ ಲೈಟ್ ಬಗ್ಗೆ ಒಂದ್ಸಲಾನೂ ಯೋಚ್ನೆ ಮಾಡ್ಲಿಲ್ಲ ಅನ್ನೋದೇ ನಾನು ಕೊಡೋ ದೊಡ್ಡ ಸರ್ಟಿಫಿಕೇಟು.

ಚಾರ್ಜಿಂಗ್ ಕಥೆ ಬೇರೆ. ಇಲ್ಲೇ ಎಲ್ರೂ ಮೋಸ ಹೋಗೋದು. 20ರ ಸ್ಪೀಡಲ್ಲಿ ಸಿಗೋದು ಹೆಚ್ಚು ಅಂದ್ರೆ ಅರ್ಧ ಆಂಪಿಯರ್, ಅಂದ್ರೆ ಫೋನ್ ಒಂದ್ಸಲ ತುಂಬಕ್ಕೆ ಇಡೀ ದಿನ ತುಳೀಬೇಕು. ಲೈಟು ಚಾರ್ಜು ಎರಡೂ ಒಟ್ಟಿಗೆ ಅಂದ್ರೆ ಎರಡೂ ನೆಟ್ಟಗಾಗಲ್ಲ. ಸ್ಪೀಡ್ ಹನ್ನೆರಡಕ್ಕೆ ಇಳಿದ್ರೆ ಫೋನು ಟಿಂಗ್ ಅಂತ ಚಾರ್ಜ್ ಬಿಡುತ್ತೆ, ಮತ್ತೆ ಟಿಂಗ್ ಅಂತ ಹಿಡಿಯುತ್ತೆ, ಪ್ರತಿ ಸಲ ಸ್ಕ್ರೀನ್ ಹೊತ್ಕೊಳ್ಳುತ್ತೆ, ಕೊನೆಗೆ ನೋಡಿದ್ರೆ ಇದ್ದ ಚಾರ್ಜೂ ಕಮ್ಮಿ ಆಗಿರುತ್ತೆ. ಆಗುಂಬೆ ಘಾಟಿ ಹತ್ತೋವಾಗ ಸೋಮೇಶ್ವರದಿಂದ ಮೇಲಿನವರೆಗೂ 14 ತಿರುವಲ್ಲೂ ಈ ಟಿಂಗ್ ಟಿಂಗ್ ಕೇಳಿ ಫೋನ್ ಎಸೆಯೋ ಹಾಗಾಗಿತ್ತು, ಸಾಲದ್ದಕ್ಕೆ ಆರು ಏಳರ ಸ್ಪೀಡಲ್ಲಿ ಲೈಟೂ ಮಿಣ ಮಿಣ ಅಂತಿರುತ್ತೆ. ಅದಕ್ಕೆ ಫೋನನ್ನ ನೇರ ಹಾಕ್ಬೇಡಿ, ಹಗಲೆಲ್ಲ ಒಂದು ಸಣ್ಣ ಪವರ್ ಬ್ಯಾಂಕಿಗೆ ತುಂಬ್ಸಿ, ಅದ್ರಿಂದ ಫೋನಿಗೆ. ಹೊಸ ಬುದ್ಧಿವಂತ ಪವರ್ ಬ್ಯಾಂಕ್‌ಗಳು ಕರೆಂಟ್ ಹೆಚ್ಚುಕಮ್ಮಿ ಆದ್ರೆ ತಾವೇ ಆಫ್ ಆಗ್ತವೆ, ನಂಗೆ ಸರಿಹೋಗಿದ್ದು ಡ್ರಾಯರಲ್ಲಿ ಬಿದ್ದಿದ್ದ ಒಂದು ಓಬೀರಾಯನ ಕಾಲದ್ದು.

ಇನ್ನು ಬೈಗುಳ. ಚಾರ್ಜರ್ ವಾಟರ್‌ಪ್ರೂಫ್ ಅಂತ ಬರೆದಿತ್ತು, ಕಾರವಾರದಿಂದ ಮಂಗಳೂರಿಗೆ ಜುಲೈ ಮಳೇಲಿ ಹೋದೆ, ಭಟ್ಕಳ ದಾಟೋ ಹೊತ್ತಿಗೆ ಸತ್ತಿತ್ತು. ಬಿಚ್ಚಿ ನೋಡಿದ್ರೆ ಒಳಗೆ ಹಸಿರು ಪಾಚಿ ಥರ ತುಕ್ಕು. ಮಾರಿದವರಿಗೆ ಮೇಲ್ ಹಾಕಿದ್ರೆ ಪೋರ್ಟಿನ ರಬ್ಬರ್ ಮುಚ್ಚಳ ನೀವು ಸರಿಯಾಗಿ ಹಾಕಿಲ್ಲ ಅಂತ ಉತ್ತರ, ಮುಚ್ಚಳ ಹಾಕ್ಕೊಂಡು ಚಾರ್ಜ್ ಮಾಡೋದು ಹೇಗಪ್ಪಾ ಅಂತ ಕೇಳಿದ್ದಕ್ಕೆ ಇವತ್ತಿನವರೆಗೂ ಸುದ್ದಿ ಇಲ್ಲ. ಈಗಿರೋ ಎರಡನೇದನ್ನ ಹ್ಯಾಂಡಲ್ ಬ್ಯಾಗ್ ಒಳಗೇ ಇಟ್ಟಿದೀನಿ. ಹಬ್ ಹತ್ರದ ಕನೆಕ್ಟರ್ ಕೂಡ ನಾಜೂಕು, ಪಂಚರ್ ಹಾಕಕ್ಕೆ ವೀಲ್ ಬಿಚ್ಚೋವಾಗ ಮೊದ್ಲು ಅದನ್ನ ಕೀಳ್ಬೇಕು, ಒಂದ್ಸಲ ಮರೆತು ಎಳೆದು ವೈರೇ ಕೈಗೆ ಬಂತು.

200, 300 ಕಿ.ಮೀ ಬ್ರೆವೆ ಮಾತ್ರ ಮಾಡೋರು ದುಡ್ಡು ದಂಡ ಮಾಡ್ಬೇಡಿ, ಒಳ್ಳೇ ಬ್ಯಾಟರಿ ಲೈಟ್ ಎರಡು ಇಟ್ಕೊಳ್ಳಿ ಸಾಕು. 600 ಮೇಲೆ ಹೋಗೋರು, ವಾರಗಟ್ಟಲೆ ಒಬ್ಬರೇ ಅಲೆಯೋರು ಧಾರಾಳವಾಗಿ ತಗೊಳ್ಳಿ. ಹಬ್ಬಿಗೆ, ಲೈಟಿಗೆ ನಾಲ್ಕೂವರೆ ಸ್ಟಾರ್, ಚಾರ್ಜರಿಗೆ ಒಂದೂವರೆ.

ಕಳೆದ ತಿಂಗಳಿಂದ ಹಬ್ಬಲ್ಲಿ ಸಣ್ಣಗೆ ಗೊರ ಗೊರ ಶುರುವಾಗಿದೆ, ಈ ಸಲ ನಿಜವಾಗ್ಲೂ ಬೇರಿಂಗು. ನಮ್ಮ ಏರಿಯಾ ಸೈಕಲ್ ಶಾಪಿನ ಅಣ್ಣ ಬಿಚ್ಚಿ ಗ್ರೀಸ್ ಹಾಕ್ಕೊಡ್ತೀನಿ ಬಿಡ್ರೀ ಅಂದ್ರು. ಒಳಗೆ ಕೂದಲಷ್ಟು ತೆಳ್ಳಗಿನ ವೈರ್ ಇದೆ ಅಣ್ಣ ಅಂದೆ. ಸ್ಪ್ಯಾನರ್ ಕೆಳಗಿಟ್ಟು, ಹಾಗಾದ್ರೆ ಇನ್ನೊಂದಷ್ಟು ದಿನ ಓಡ್ಸಿ, ಪೂರ್ತಿ ಹೋದ್ಮೇಲೆ ನೋಡಣ ಅಂದ್ರು.