ಗೊರೂರು ಹಿನ್ನೀರಿಗೆ ವೆಟ್‌ಸೂಟ್ ಬೇಕಾ, ವೆಸ್ಟ್ ಸಾಕಾ?

ಚಳಿಗಾಲದ ಬೆಳಿಗ್ಗೆ ಈ ಹಿನ್ನೀರಿನಲ್ಲಿ ಕಯಾಕ್, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿ, ನಡೆಸಲು ಏನು ಹಾಕಿಕೊಳ್ಳಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೋಳಿಲ್ಲದ 2 ಮಿಲಿಮೀಟರ್ ನಿಯೋಪ್ರೀನ್ (ಸ್ಪಂಜಿನಂಥ ರಬ್ಬರ್) ವೆಸ್ಟಿಗೆ. ಮೇಲೊಂದು ವಿಂಡ್‌ಚೀಟರ್. ಎರಡೂ ಸೇರಿ 2,800 ರೂಪಾಯಿ. ಇದು ತಲೆಗೆ ಹೋಗುವ ಮುಂಚೆ ಅದೇ ರಬ್ಬರಿನ, ಮೈಗೆ ಅಂಟಿ ಮೈತುಂಬಾ ಮುಚ್ಚುವ 3 ಮಿಲಿಮೀಟರ್ ವೆಟ್‌ಸೂಟಿಗೆ 7,500 ಸುರಿದಿದ್ದೆ.

ಸುರಿಯಲು ಕಾರಣವೂ ಇತ್ತು. ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಕಯಾಕ್ ಮಗುಚಿತು. ಮೈಮೇಲೆ ಹತ್ತಿ ಟೀ ಶರ್ಟು, ಅದರ ಮೇಲೆ ಸ್ವೆಟರ್. ನೀರಿನಲ್ಲಿ ಇದ್ದಷ್ಟು ಹೊತ್ತು ಏನೂ ಅನ್ನಿಸಲಿಲ್ಲ. ದಡ ಹತ್ತಿದ ಮೇಲೆ ಶುರುವಾಯಿತು ನೋಡಿ. ಹಿನ್ನೀರಿನ ಮೇಲಿಂದ ಬೀಸುವ ಗಾಳಿ, ನೀರು ಕುಡಿದು ಜೋತುಬಿದ್ದ ಸ್ವೆಟರ್. ಹಲ್ಲು ಕಟಕಟ ಅನ್ನುತ್ತಿತ್ತು, ಕಾರಿನ ಕೀ ಹಿಡಿಯಲು ಬೆರಳು ಬಗ್ಗಲಿಲ್ಲ. ಮನೆಗೆ ಬಂದವನೇ ವೆಟ್‌ಸೂಟ್ ಆರ್ಡರ್ ಮಾಡಿದೆ.

ಬೆಚ್ಚಗಿಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಒಳಗೆ ನುಗ್ಗಿದ ತೆಳು ನೀರಿನ ಪದರವನ್ನು ಮೈಯೇ ಬಿಸಿ ಮಾಡಿಕೊಳ್ಳುತ್ತದೆ. ತೊಂದರೆ ಏನೆಂದರೆ, ನಾನು ಬೆಳಿಗ್ಗೆ ಹೋಗುವುದು ಹುಟ್ಟು ಹಾಕಲು, ನೀರಿಗೆ ಬೀಳಲು ಅಲ್ವಲ್ಲ! ಇಪ್ಪತ್ತು ನಿಮಿಷಕ್ಕೆ ಒಳಗೆಲ್ಲ ಬೆವರು. ಕಂಕುಳಲ್ಲಿ ರಬ್ಬರ್ ಉಜ್ಜಿ ಉಜ್ಜಿ ಎರಡು ದಿನ ಸೋಪು ಮುಟ್ಟಿಸಲು ಆಗಲಿಲ್ಲ. ಜಿಪ್ ಬೆನ್ನಿಗೆ, ಹಾಗಾಗಿ ಬೆಳಿಗ್ಗೆ ಐದೂವರೆಗೆ ಹೆಂಡತಿಯನ್ನು ಎಬ್ಬಿಸಬೇಕು. ತೆಪ್ಪದಲ್ಲಿ ಬಲೆ ಎತ್ತುತ್ತಿದ್ದವರೊಬ್ಬರು ನೋಡಿ, "ಏನ್ ಸಾರ್, ಎಮ್ಮೆ ಚರ್ಮ ಹಾಕ್ಕೊಂಡ್ ಬಂದಿದೀರಾ?" ಅಂದರು. ಅವರ ಮೈಮೇಲೆ ಒಂದು ಲುಂಗಿ, ಒಂದು ಬನಿಯನ್ನು.

ಒಣಗಿಸುವುದು ಇನ್ನೊಂದು ಗೋಳು. ನೆರಳಲ್ಲೇ ಒಣಗಬೇಕು, ಅದಕ್ಕೆ ಎರಡು ದಿನ. ಅಮ್ಮ ಒಳ್ಳೇ ಮನಸ್ಸಿನಿಂದ ಬಚ್ಚಲ ಹಂಡೆಯ ಒಲೆ ಹತ್ತಿರ ನೇತುಹಾಕಿದರು. ಮೊಣಕಾಲಿನ ಹತ್ತಿರ ಅಂಟು ಬಿಟ್ಟುಕೊಂಡಿತು.

ಆಮೇಲೆ ಬುದ್ಧಿ ಬಂದು ಥರ್ಮಾಮೀಟರ್ ಕಟ್ಟಿಕೊಂಡು ಹೋದೆ. ಜನವರಿಯ ಒಂದು ಬೆಳಿಗ್ಗೆ ಗಾಳಿ 14 ಡಿಗ್ರಿ, ನೀರು 22. ನಾವು ನಡುಗುವುದು ಗಾಳಿಗೆ, ನೀರಿಗಲ್ಲ! ಹುಟ್ಟು ಹಾಕುವವರಲ್ಲಿ ಒಂದು ಲೆಕ್ಕ ಓಡಾಡುತ್ತದೆ: ಗಾಳಿ, ನೀರು ಎರಡರ ಫ್ಯಾರನ್‌ಹೀಟ್ ಕೂಡಿಸಿ, 120ಕ್ಕಿಂತ ಕಡಿಮೆ ಬಂದರೆ ಸೂಟ್ ಹಾಕಿ. ನನ್ನದು ಗಾಳಿ 57, ನೀರು 72, ಒಟ್ಟು 129 ಬಂತು. ಆದರೆ ಆ ಲೆಕ್ಕವನ್ನು ಬೇರೆ ಕಡೆಗೆ ಒಯ್ಯಬೇಡಿ. ಹಿಮ ಕರಗಿದ ನೀರು 10 ಡಿಗ್ರಿ, ಮೇಲೆ ಬಿಸಿಲು 30 ಡಿಗ್ರಿ ಅಂದುಕೊಳ್ಳಿ. ಫ್ಯಾರನ್‌ಹೀಟಿನಲ್ಲಿ 50 ಮತ್ತು 86, ಕೂಡಿಸಿದರೆ 136, ಸೂಟ್ ಬೇಡ ಅನ್ನುತ್ತದೆ! 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ದಿಢೀರ್ ಬಿದ್ದರೆ ತಾನಾಗೇ ಏದುಸಿರು ಹತ್ತುತ್ತದೆ, ಆ ಉಸಿರಿನ ಜೊತೆ ನೀರು ಒಳಗೆ ಹೋದರೆ ಈಜು ಬಂದೂ ಉಪಯೋಗವಿಲ್ಲ. ಅಲ್ಲಿ ನೀರನ್ನು ನೋಡಿಯೇ ಬಟ್ಟೆ ಹಾಕಬೇಕು, ಬಿಸಿಲು ನೋಡಿ ಅಲ್ಲ.

22 ಡಿಗ್ರಿ ಅಂದರೆ ಸುಮ್ನೆ ಅಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆಯುತ್ತದೆ, ಜಾಸ್ತಿ ಹೊತ್ತು ಬಿದ್ದಿದ್ದರೆ ಇಲ್ಲೂ ಮೈ ಕೊರೆಯುತ್ತದೆ. ಅದಕ್ಕೇ ವೆಸ್ಟ್. ಎದೆ, ಬೆನ್ನು ಬೆಚ್ಚಗೆ, ತೋಳು ಆರಾಮ. ಗಾಳಿಗೆ ವಿಂಡ್‌ಚೀಟರ್. ಬೇಕೆಂದೇ ಎರಡು ಸಲ ಮಗುಚಿ ನೋಡಿದೆ, ದಡದಲ್ಲಿ ಕೂತು ಫ್ಲಾಸ್ಕಿನ ಕಾಫಿ ನಡುಗದೆ ಬಗ್ಗಿಸಿಕೊಂಡೆ. ಲೈಫ್ ಜಾಕೆಟ್ ಅಂತೂ ಯಾವುದರ ಮೇಲಾದರೂ ಇರಲೇಬೇಕು.

ಒಳಗೆ ನೀರೇ ಬಿಡದ ಡ್ರೈಸೂಟ್ ಬಗ್ಗೆ ಕೇಳಬೇಡಿ, ಆ ದುಡ್ಡಿಗೆ ಇನ್ನೊಂದು ಕಯಾಕ್ ಬರುತ್ತದೆ.

ನಾನು ದಡದ ಪಕ್ಕದಲ್ಲೇ ಎರಡು ಗಂಟೆ ಸುತ್ತುವವನು. ಹಿನ್ನೀರನ್ನು ಆಚೆಯಿಂದ ಈಚೆಗೆ ದಾಟುವವರಾದರೆ ಉದ್ದ ಕಾಲಿನ, ತೋಳಿಲ್ಲದ ಸೂಟ್ ನೋಡಬಹುದು. ನನ್ನ ವೆಟ್‌ಸೂಟ್ ಬೀರುವಿನಲ್ಲಿದೆ. ಋಷಿಕೇಶಕ್ಕೆ ಹೊರಟಿರುವ ಭಾವಮೈದುನನಿಗೆ ಕೊಡೋಣ ಅಂದರೆ, ಅವನ ಹೊಟ್ಟೆ ದಾಟಿ ಸೂಟ್ ಮೇಲೆ ಬರುತ್ತಿಲ್ಲ.