ಪನೋರಮಾ ಕಲಿಸುತ್ತೇವೆಂದು ಲಡಾಖಿಗೆ ಕರೆದೊಯ್ಯುವವರ ಕೈಗೆ ಮೆಮೊರಿ ಕಾರ್ಡ್ ಕೊಡಬೇಡಿ

ಲಡಾಖ್, ಸ್ಪಿತಿಯಂಥ ದುರ್ಗಮ ಪ್ರದೇಶಗಳಿಗೆ ಕರೆದೊಯ್ದು ಪನೋರಮಾ ಛಾಯಾಗ್ರಹಣ, ಅಂದರೆ ಸಾಲಾಗಿ ತೆಗೆದ ಹಲವು ಚೌಕಟ್ಟುಗಳನ್ನು ಜೋಡಿಸಿ ಅಗಲವಾದ ಒಂದೇ ಚಿತ್ರ ಮಾಡುವುದನ್ನು ಕಲಿಸುತ್ತೇವೆ ಎನ್ನುವ ತಂಡಗಳಿಗೆ ಹಣ ಕಟ್ಟಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಂಜೆ ಹೊತ್ತು ಬ್ಯಾಕಪ್ ಮಾಡಿಕೊಡುತ್ತೇವೆ, ಕಾರ್ಡ್ ಕೊಡಿ ಎಂದು ಯಾರಾದರೂ ಕೈಚಾಚಿದರೆ ಕೊಡಬೇಡಿ. ನನ್ನಿಂದ ಹಾಗೆ ಹೇಳಿಯೇ ಪಡೆದುಕೊಂಡರು. ತ್ಸೋ ಮೊರಿರಿ ಸರೋವರದ ದಂಡೆಯಲ್ಲಿ ನಾನು ತೆಗೆದ ಚಿತ್ರ ಇಂದು ಬೆಂಗಳೂರಿನ ಹೋಟೆಲೊಂದರ ಗೋಡೆಯ ಮೇಲೆ ಬೇರೊಬ್ಬರ ಹೆಸರಿನಲ್ಲಿದೆ. ಅಷ್ಟೇ ಆಗಿದ್ದರೆ ಸಿಟ್ಟು ಮಾತ್ರ ಇರುತ್ತಿತ್ತು. ಆ ಚಿತ್ರವನ್ನು ನಾನೇ ಅವರಿಂದ ಕದ್ದಿದ್ದೇನೆಂಬ ಅನುಮಾನವನ್ನು ನಾಲ್ಕು ಜನರ ಮುಂದೆ ಎದುರಿಸಬೇಕಾಯಿತು.

ನಾನು ಹುಬ್ಬಳ್ಳಿಯವಳು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಬಹಳ ಕಾಲದಿಂದ ನೋಡುತ್ತ ಬಂದಿದ್ದೇನೆ. ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿಗಳು ಮರಿ ಮಾಡುವ ತಾಣಗಳಲ್ಲಿ 4,500 ಮೀಟರ್ ಎತ್ತರದ ತ್ಸೋ ಮೊರಿರಿಯೂ ಒಂದು ಎಂದು ತಿಳಿದಾಗಿನಿಂದ ಆ ಸರೋವರವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಚಿತ್ರದಲ್ಲಿ ಹಿಡಿಯಬೇಕೆಂಬ ಆಸೆಯಿತ್ತು. ಪ್ರವಾಸದ ಜಾಹೀರಾತಿನಲ್ಲಿ ಪ್ಯಾಂಗಾಂಗ್ ಸರೋವರವಿತ್ತು, ತ್ಸೋ ಮೊರಿರಿ ಇತ್ತು, ನಮ್ಮ ಹೊಸಕೋಟೆಯಿಂದಲೇ ನಿಯಂತ್ರಿಸುವ ದೂರದರ್ಶಕವಿರುವ ಹಾನ್ಲೆಯ ರಾತ್ರಿಯಾಕಾಶವೂ ಇತ್ತು. ವಿಮಾನದ ಖರ್ಚು ಬಿಟ್ಟು ಎಂಬತ್ತೈದು ಸಾವಿರ ರೂಪಾಯಿ. ಕಲಿಸುವವರು ಕನ್ನಡದವರೇ ಎಂಬುದು ನನಗೆ ದೊಡ್ಡ ಧೈರ್ಯವಾಗಿತ್ತು.

ಪಾಠ ಹೇಗಿತ್ತೆಂಬುದನ್ನು ಬೇಗ ಮುಗಿಸುತ್ತೇನೆ. ಪ್ರತಿಯೊಬ್ಬರಿಗೂ ಪನೋರಮಾ ಹೆಡ್, ಅಂದರೆ ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನು ಸರಿಯಾದ ಬಿಂದುವಿನ ಸುತ್ತ ತಿರುಗಿಸುವ ಸಾಧನ ಕೊಡುತ್ತೇವೆಂದಿದ್ದರು. ಇಡೀ ತಂಡಕ್ಕೆ ಒಂದೇ ಒಂದು ಬಂತು. ದೂರದ ಬೆಟ್ಟಸಾಲನ್ನಷ್ಟೇ ತೆಗೆಯುವುದಾದರೆ ಸಾಧಾರಣ ಟ್ರೈಪಾಡ್ ಸಾಕು. ಆದರೆ ಕಾಲಬುಡದ ಕಲ್ಲುಗಳೂ ಚಿತ್ರದೊಳಗೆ ಬರಬೇಕಾದರೆ ಕ್ಯಾಮೆರಾ ತನ್ನ ಲೆನ್ಸಿನೊಳಗಿನ ಒಂದು ನಿಗದಿತ ಬಿಂದುವಿನ ಸುತ್ತಲೇ ತಿರುಗಬೇಕು. ಇಲ್ಲವಾದರೆ ಹತ್ತಿರದ ಕಲ್ಲು ಒಂದು ಚೌಕಟ್ಟಿನಲ್ಲಿ ಒಂದೆಡೆ, ಮುಂದಿನದರಲ್ಲಿ ಇನ್ನೊಂದೆಡೆ ಸರಿದು ಜೋಡಣೆ ಹಾಳಾಗುತ್ತದೆ. ಆ ಬಿಂದುವನ್ನು ಕಂಡುಕೊಳ್ಳುವ ಬಗೆಯನ್ನು ನಾನು ಮನೆಯಲ್ಲಿಯೇ ಕಲಿತು, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಹಿಂದೆಮುಂದೆ ಸರಿಸುವ ಪಟ್ಟಿಯನ್ನು (ರೈಲ್) ನನ್ನದನ್ನೇ ಕೊಂಡೊಯ್ದಿದ್ದೆ. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದರೆ ಆಕಾಶ ಒಂದು ಕಡೆ ಕಡುನೀಲಿಯಾಗಿ ಇನ್ನೊಂದು ಕಡೆ ಬಿಳಿಚಿಕೊಳ್ಳುತ್ತದೆಯಾದ್ದರಿಂದ ಅದನ್ನು ಹಾಕಬಾರದು ಎಂಬ ಮೊದಲ ಪಾಠವನ್ನೂ ಅವರು ಹೇಳಿಕೊಡಲಿಲ್ಲ. ಇದು ಮುಖ್ಯ, ಏಕೆಂದರೆ ಅವರು ಕಲಿಸಿದ್ದರಿಂದಲೇ ಆ ಚಿತ್ರ ಬಂತೆಂದು ಮುಂದೆ ಹೇಳಿದರು.

ಕೊರ್ಜೋಕ್ ಹಳ್ಳಿಯ ಆಚೆ, ಚಾಂಗ್‌ಪಾ ಕುರಿಗಾಹಿಗಳ ಕಪ್ಪು ಡೇರೆಗಳು ಕಾಣುವ ದಂಡೆಯಲ್ಲಿ ನಾನು ಬೆಳಗಿನ ಜಾವವೇ ಹೋಗಿ ಟ್ರೈಪಾಡ್ ಹೂಡಿದೆ. ಪ್ರವಾಸ ನಡೆಸುತ್ತಿದ್ದವರು ಆಗ ಹಾಸಿಗೆಯಿಂದ ಎದ್ದಿರಲಿಲ್ಲ. ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿ, ಬೆಳಕಿನ ಅಳತೆಯನ್ನೂ ಬಣ್ಣದ ಅಳತೆಯನ್ನೂ ಕೈಯಿಂದಲೇ ಗೊತ್ತುಮಾಡಿ, ಪ್ರತಿ ಚೌಕಟ್ಟೂ ಹಿಂದಿನದರ ಮೂರನೆಯ ಒಂದು ಭಾಗವನ್ನು ಒಳಗೊಳ್ಳುವಂತೆ ಎಡದಿಂದ ಬಲಕ್ಕೆ ತೆಗೆಯುತ್ತ ಬಂದೆ. ಆಗ ಬೆನ್ನ ಮೇಲೆ ಹೊರೆ ಹೊತ್ತ ಹೆಂಗಸೊಬ್ಬರು ಡೇರೆಯ ಕಡೆಯಿಂದ ನೀರಿನತ್ತ ನಡೆದುಬರುತ್ತಿದ್ದರು. ನಾನು ಕ್ಯಾಮೆರಾ ತಿರುಗಿಸಿದ ದಿಕ್ಕಿಗೇ ಅವರೂ ನಡೆದದ್ದರಿಂದ ಜೋಡಿಸಿದ ಚಿತ್ರದಲ್ಲಿ ಅವರು ಎರಡು ಸಲ ಬಂದರು: ಒಮ್ಮೆ ಡೇರೆಯ ಬಳಿ, ಇನ್ನೊಮ್ಮೆ ನೀರಿನ ಅಂಚಿನಲ್ಲಿ. ಅಳಿಸುವುದು ಸುಲಭವಿತ್ತು. ಹುಲ್ಲು ಹುಡುಕುತ್ತ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯುವುದೇ ಅವರ ಬದುಕಾದ್ದರಿಂದ ನಾನು ಎರಡನ್ನೂ ಬೇಕೆಂದೇ ಉಳಿಸಿಕೊಂಡೆ.

ಅಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚಿಕೊಳ್ಳುವಂತಿರಲಿಲ್ಲ, ಚಿತ್ರಗಳನ್ನು ಬೇರೆಡೆಗೆ ಕಳಿಸಿಡುವ ದಾರಿಯಿರಲಿಲ್ಲ, ಚಳಿಗೆ ಬ್ಯಾಟರಿಗಳು ಬೇಗ ಬರಿದಾಗುತ್ತಿದ್ದವು. ಇದನ್ನೇ ಮುಂದಿಟ್ಟುಕೊಂಡು, "ಕಾರ್ಡ್ ಕೆಟ್ಟರೆ ಇಷ್ಟು ದೂರ ಬಂದದ್ದೆಲ್ಲ ವ್ಯರ್ಥ ಮೇಡಂ, ನಮ್ಮ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ ಇರಲಿ" ಎಂದು ಪ್ರತಿ ಸಂಜೆ ಎಲ್ಲರ ಕಾರ್ಡುಗಳನ್ನೂ ಸಂಗ್ರಹಿಸಿದರು. ಹಿಂತಿರುಗಿದ ಮೇಲೆ ಅಳಿಸುತ್ತೇವೆಂದೂ ಹೇಳಿದರು. ಅಳಿಸಲಿಲ್ಲ.

ನಮ್ಮೂರಿನ ಛಾಯಾಚಿತ್ರ ಸಂಘದ ವಾರ್ಷಿಕ ಪ್ರದರ್ಶನಕ್ಕೆ ನಾನು ಆ ಚಿತ್ರವನ್ನು ಕೊಟ್ಟಿದ್ದೆ. ಆಯ್ಕೆಯ ದಿನ ಹಿರಿಯರೊಬ್ಬರು ಎಲ್ಲರ ಎದುರಿಗೇ ತಮ್ಮ ಮೊಬೈಲನ್ನು ನನ್ನ ಮುಂದಿಟ್ಟು, "ಮೇಡಂ, ಇದು ನಿಮ್ಮದೇ ಹೌದೇನ್ರೀ?" ಎಂದು ಕೇಳಿದರು. ಪರದೆಯ ಮೇಲೆ ಅದೇ ಸರೋವರ, ಅದೇ ಕಲ್ಲುಗಳು, ಮೂಲೆಯಲ್ಲಿ ನನಗೆ ಕಲಿಸಿದವರ ಹೆಸರು, ಕೆಳಗೆ ಹೋಟೆಲಿನ ಗೋಡೆಗಾಗಿ ಮಾಡಿದ ದೊಡ್ಡ ಮುದ್ರಣವೆಂಬ ವಿವರಣೆ. ಆಕಾಶಕ್ಕೆ ಬಣ್ಣ ಹೆಚ್ಚಿಸಿ, ಮೇಲ್ಭಾಗವನ್ನು ಸ್ವಲ್ಪ ಕತ್ತರಿಸಿದ್ದರು. ಆದರೆ ಆ ಹೆಂಗಸು ಅಲ್ಲಿಯೂ ಎರಡು ಸಲ ಇದ್ದರು. ಅದೇ ಎರಡು ಜಾಗ, ಅದೇ ಹೊರೆ, ಅದೇ ಎತ್ತಿದ ಪಾದ. ನನಗೆ ಆ ಕ್ಷಣ ಮಾತೇ ಹೊರಡಲಿಲ್ಲ. ಮಾತು ಹೊರಡದಿದ್ದುದನ್ನು ಅಲ್ಲಿದ್ದವರು ಹೇಗೆ ಅರ್ಥ ಮಾಡಿಕೊಂಡರೆಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಮರುದಿನ ಮೂಲ ರಾ ಕಡತಗಳನ್ನು, ಅಂದರೆ ಕ್ಯಾಮೆರಾ ದಾಖಲಿಸಿದ ತಿದ್ದದ ಕಡತಗಳನ್ನು ಒಯ್ದು ತೋರಿಸಿದ ಮೇಲೆ ಹಿರಿಯರು ನೊಂದುಕೊಂಡರು. ಆದರೆ ಹಿಂದಿನ ಸಂಜೆ ಕೋಣೆಯಲ್ಲಿದ್ದವರೆಲ್ಲ ಮರುದಿನ ಅಲ್ಲಿರಲಿಲ್ಲ.

ಈಗ ಅವರ ಉತ್ತರಗಳನ್ನು ಕೇಳಿ. ನಾನು ಫೋನ್ ಮಾಡಿದಾಗ ಮೊದಲು, "ಒಂದೇ ಜಾಗ, ಒಂದೇ ಬೆಳಕು, ಎಲ್ಲರಿಗೂ ಒಂದೇ ಚಿತ್ರ ಸಿಗುತ್ತದೆ ಮೇಡಂ" ಎಂದರು. ಹಾಗಾದರೆ ಆ ಹೆಂಗಸಿನ ಬಗ್ಗೆ ಹೇಳಿ ಎಂದೆ. ಒಂದು ಕ್ಷಣವೂ ತಡವರಿಸದೆ, "ಇಬ್ಬರು ಹೆಂಗಸರು ನಡೆದು ಹೋಗುತ್ತಿದ್ದರಲ್ಲ, ನನಗೆ ಚೆನ್ನಾಗಿ ನೆನಪಿದೆ" ಎಂದರು. ಇಬ್ಬರು! ಅಲ್ಲಿ ಇದ್ದದ್ದು ಒಬ್ಬರೇ. ತಾವು ತೆಗೆದೆವೆನ್ನುವ ಚಿತ್ರದಲ್ಲಿ ಎಷ್ಟು ಜನರಿದ್ದರೆಂಬುದೂ ಅವರಿಗೆ ತಿಳಿದಿರಲಿಲ್ಲ. ಆ ಮಾತು ಕೇಳಿದಾಗ ನನಗಾದ ಸಿಟ್ಟನ್ನು ಹೇಗೆ ಬರೆಯಲಿ? ಒಬ್ಬರೇ ಹೆಂಗಸು, ಬೇರೆ ಬೇರೆ ಚೌಕಟ್ಟುಗಳು, ನಡುವಿನ ಸಮಯ ಕಡತಗಳಲ್ಲೇ ದಾಖಲಾಗಿದೆ ಎಂದು ಹೇಳಿದ ಮೇಲೆ ಧ್ವನಿ ಬದಲಾಯಿತು. "ಜಾಗ ತೋರಿಸಿದ್ದು ನಾವು, ಪರ್ಮಿಟ್ ಮಾಡಿಸಿದ್ದು ನಾವು, ಜೋಡಿಸಿದ್ದೂ ನಾವು. ನೀವು ಬಟನ್ ಒತ್ತಿದಿರಿ ಅಷ್ಟೆ."

ಆಮೇಲೆ ನೋಂದಣಿ ನಮೂನೆಯ ಮಾತು ಬಂತು. ಪ್ರವಾಸದ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಹುದು ಎಂಬ ಸಾಲಿಗೆ ನಾನು ಗುರುತು ಹಾಕಿದ್ದೇನಂತೆ. ತಂಡದವರು ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊಗಳ ಬಗ್ಗೆ ಬರೆದ ಸಾಲೆಂದು ಯಾರಿಗಾದರೂ ಅನಿಸುತ್ತದೆ. ಹೋಟೆಲಿಗೆ ಮಾರುವುದು ಪ್ರಚಾರವೇ? ನನ್ನ ಹೆಸರು ಅಳಿಸಿ ತಮ್ಮದನ್ನು ಬರೆದುಕೊಳ್ಳುವುದು ಪ್ರಚಾರವೇ? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ 19ನೆಯ ಸೆಕ್ಷನ್ ಸಹಿಯಿರುವ ಬರಹವನ್ನು ಕೇಳುತ್ತದೆ. ಹಾಗೆ ವರ್ಗಾಯಿಸಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು 57ನೆಯ ಸೆಕ್ಷನ್ನಿನಂತೆ ಕರ್ತೃವಿಗೆ ಉಳಿಯುತ್ತದೆ. ಇದನ್ನು ಬರೆದು ಕಳಿಸಿದಾಗ ಬಂದ ಉತ್ತರ ಇದು: "ಕಲಿಯುವವರ ಚಿತ್ರ ಗೋಡೆಗೆ ಏರಿದೆ, ಹೆಮ್ಮೆ ಪಡಿ ಮೇಡಂ. ಮುಂದಿನ ಸ್ಪಿತಿ ಪ್ರವಾಸದಲ್ಲಿ ನಿಮಗೆ ರಿಯಾಯಿತಿ ಕೊಡುತ್ತೇವೆ." ನನ್ನ ಚಿತ್ರ ಮಾರಿದವರು ನನ್ನಿಂದಲೇ ಮತ್ತೊಮ್ಮೆ ಹಣ ಕಟ್ಟಿಸಿಕೊಳ್ಳಲು ಹೊರಟಿದ್ದರು! ನಾನು ಒಪ್ಪದಿದ್ದಾಗ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದರು.

ವಕೀಲರ ಮೂಲಕ ಅವರಿಗೂ ಹೋಟೆಲಿನವರಿಗೂ ನೋಟಿಸ್ ಕಳಿಸಿದ್ದೇನೆ. ತಾವು ಹಣ ಕೊಟ್ಟೇ ಕೊಂಡಿದ್ದೇವೆಂದು ಹೋಟೆಲಿನವರು ಉತ್ತರಿಸಿದ್ದಾರೆ. ಚಿತ್ರ ಇನ್ನೂ ಅಲ್ಲಿಯೇ ಇದೆ. ನೀವು ಹೋಗುವುದಾದರೆ ಎರಡು ಕಾರ್ಡುಗಳಲ್ಲಿ ಒಟ್ಟಿಗೆ ದಾಖಲಾಗುವ ಕ್ಯಾಮೆರಾ ಇದ್ದರೆ ಹಾಗೆಯೇ ಹೊಂದಿಸಿಕೊಳ್ಳಿ, ಇಲ್ಲವೇ ನಿಮ್ಮದೇ ಚಿಕ್ಕ ಡಿಸ್ಕ್ ಒಯ್ಯಿರಿ. ರಾ ಕಡತಗಳನ್ನು ಯಾರಿಗೂ ಕೊಡಬೇಡಿ, ಗುರುಗಳಿಗೂ ಕೊಡಬೇಡಿ, ತಿದ್ದಿ ತೋರಿಸುತ್ತೇವೆಂದರೂ ಕೊಡಬೇಡಿ. ನೋಂದಣಿ ನಮೂನೆಯಲ್ಲಿ ಚಿತ್ರಗಳ ಬಳಕೆಯ ಸಾಲಿದ್ದರೆ ಅದನ್ನು ತೆಗೆಸಿದ ಮೇಲೆಯೇ ಹಣ ಕಟ್ಟಿ.

ಆ ಪ್ರವಾಸದಲ್ಲಿ ನನ್ನ ಜೊತೆಗಿದ್ದವರ ಕಾರ್ಡುಗಳೂ ಅದೇ ಡಿಸ್ಕಿಗೆ ಹೋಗಿವೆ. ಅವರಲ್ಲಿ ಇಬ್ಬರಿಗೆ ಮಾತ್ರ ವಿಷಯ ತಿಳಿಸಲು ಸಾಧ್ಯವಾಯಿತು. ಅವರಲ್ಲೊಬ್ಬರ ಹಾನ್ಲೆಯ ಕ್ಷೀರಪಥದ ಪನೋರಮಾ ಈ ವರ್ಷದ ಜಾಹೀರಾತಿನಲ್ಲಿ, ಮತ್ತೆ ಅದೇ ಹೆಸರಿನ ಕೆಳಗೆ, ಆಗಲೇ ಬಂದಿದೆ. ಇಂಥ ಪ್ರವಾಸಕ್ಕೆ ಹೋಗಿ ಕಾರ್ಡ್ ಕೊಟ್ಟು ಬಂದವರು ಆಯೋಜಕರು ಮಾರುತ್ತಿರುವ ಮುದ್ರಣಗಳನ್ನೂ ಜಾಹೀರಾತುಗಳನ್ನೂ ನಿಮ್ಮ ಮೂಲ ಕಡತಗಳ ಪಕ್ಕದಲ್ಲಿಟ್ಟು ಇಂದೇ ನೋಡಿ.